ಒಂದು ಸಲ ಒತ್ತಿದರೆ ಮನೆಯಲ್ಲಿ ಯಾರೂ ಇಲ್ಲ

ಮಷಿನ್ನಿನ ಸೂಜಿ ಬಟ್ಟೆಗೆ ಇಳಿದಿತ್ತಷ್ಟೇ, ಬಾಗಿಲ ಬೆಲ್ ಬಡಿದುಕೊಂಡಿತು. ಸೊಸೆ ಹಲ್ಲು ಕಚ್ಚಿದಳು. ಬೆಳಿಗ್ಗೆ ನೀರು ಸೋಸುವ ಯಂತ್ರದವನು ಬಂದಿದ್ದ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ವಿಮೆಯವಳು ಹತ್ತಿ ಬಂದಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಜಿರಲೆ ಔಷಧಿಯವನು ಬಂದು, ಜಿರಲೆ ಹೇಗೆ ಒದ್ದಾಡಿ ಸಾಯುತ್ತದೆ ಎಂಬುದನ್ನು ತಟ್ಟೆಯ ಮುಂದೆಯೇ ವಿವರಿಸಿ ಹೋಗಿದ್ದ. ಈಗ ಇನ್ಯಾವ ಮಹರಾಯ ಎಂದು ಅವಳು ತಲೆಯೆತ್ತುವ ಮೊದಲೇ ಮಾವ ಎದ್ದು ನಿಂತಿದ್ದರು.

"ನಾನ್ ತೆಗೀತೀನಿ, ನಾನ್ ತೆಗೀತೀನಿ. ನೀನು ಹೊಲಿ."

"ಮಾವ, ದಮ್ಮಯ್ಯ, ತೆಗೀಬೇಡಿ. ಬೇಡ ಅಂತ ಒಳಗಿಂದ್ಲೇ ಹೇಳ್ಬಿಡಿ."

"ಒಳಗಿಂದ ಗದರೋದು ನಾಯಿಗಮ್ಮ, ಮನುಷ್ಯರಿಗಲ್ಲ."

ಮಂಡಿ ಚಿಟಕ್ ಎಂದಿತು. ಮುಖ ಮಾತ್ರ ನೆಂಟರು ಬಂದ ಹಾಗೆ ಅರಳಿತ್ತು. ಅರಳದೆ ಏನು ಮಾಡೀತು? ಮಾವ ತಮ್ಮ ಆಯುಸ್ಸೆಲ್ಲ ಬೇರೆಯವರ ಬಾಗಿಲಲ್ಲೇ ಕಳೆದವರು. ಬಟ್ಟೆ ಉಜ್ಜುವ ಬ್ರಷ್ಷು, ಬಾಟಲಿ ತೊಳೆಯುವ ಬ್ರಷ್ಷು, ಜೇಡರ ಬಲೆ ತೆಗೆಯುವ ಉದ್ದ ಕೋಲಿನ ಬ್ರಷ್ಷು, ಎಲ್ಲವನ್ನೂ ಹೆಗಲಿಗೇರಿಸಿಕೊಂಡು ಮನೆ ಮನೆ ಹತ್ತಿ ಇಳಿದವರು. ಹಳೇ ಬೀದಿಗಳಲ್ಲಿ ಅವರನ್ನು ಈಗಲೂ ಬ್ರಷ್ಷಣ್ಣ ಎಂದೇ ಕರೆಯುತ್ತಾರೆ. ಮಂಡಿ ಸವೆದು ಮನೆಯಲ್ಲಿ ಕೂತ ಮೇಲೆ ಅವರು ಹೋಗುತ್ತಿದ್ದ ಬಾಗಿಲುಗಳೆಲ್ಲ ತಮ್ಮ ಬಾಗಿಲಿಗೇ ಬಂದಂತಾಗಿತ್ತು.

ಹೊರಗೆ ನಿಂತಿದ್ದವಳು ನೆಲ ಒರೆಸುವ ಮಾಪು ಮಾರುವ ಹುಡುಗಿ. ಕೆಲಸಕ್ಕೆ ಹೊಸಬಳು, ಕುತ್ತಿಗೆಯ ಗುರುತಿನ ಚೀಟಿ ಇನ್ನೂ ಮಿರಮಿರ ಎನ್ನುತ್ತಿತ್ತು.

"ಸಾರ್... ಮಾಪು ಬೇಕಾ ಸಾರ್?"

"ಮೊದಲು ಕೂತ್ಕೊಂಡು ನೀರು ಕುಡಿ. ಮಾತು ಆಮೇಲೆ."

ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಪಕ್ಕ ಕಿಟಕಿಕಟ್ಟೆಯ ಮೇಲೆ ಹೂಜಿ, ಹೂಜಿಯ ಮೇಲೆ ಲೋಟ. ಈ ಏರ್ಪಾಡು ಮಾವನದು. ಬರುವವರು ಯಾರೇ ಆಗಲಿ, ಮಾತು ಇದೇ. ಹುಡುಗಿ ಗಟಗಟ ಕುಡಿದಳು. ಇನ್ನೇನು ಮಾಪಿನ ಗುಣಗಾನ ಶುರುಮಾಡಬೇಕು, ಮಾವ ಕೈ ಅಡ್ಡ ಹಿಡಿದರು.

"ಬೇಕಾ ಅಂತ ಯಾವತ್ತೂ ಕೇಳ್ಬಾರ್ದು ಮಗಳೇ. ಬೇಕಾ ಅಂದ್ರೆ ಬೇಡ ಅಂತಾರೆ. ಅದಕ್ಕೆ ಯೋಚನೇನೂ ಮಾಡ್ಬೇಕಾಗಿಲ್ಲ. ಹೊರಗೆ ಹೋಗು, ಬಾಗಿಲು ಹಾಕ್ಕೋತೀನಿ. ಮೊದಲಿಂದ ಬೆಲ್ ಒತ್ತು."

ಹುಡುಗಿ ಹೋದಳು, ಒತ್ತಿದಳು.

"ಊಹೂಂ. ಬೆಲ್ ಒತ್ತಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿ. ಮೂಗಿನ ಮೇಲೇ ಬಂದು ನಿಂತ್ರೆ ಯಾರು ತೆಗೀತಾರೆ? ಮತ್ತೆ ಒತ್ತು."

ಒತ್ತಿದಳು.

"ಕೈ ಬಾಗಿಲ ಚೌಕಟ್ಟಿನ ಮೇಲೆ ಇಡ್ಬೇಡ, ವಸೂಲಿಗೆ ಬಂದವಳ ಹಾಗೆ ಕಾಣುತ್ತೆ. ಮತ್ತೆ!"

ಒಂದೊಂದು ಸಲ ಬೆಲ್ ಆದಾಗಲೂ ಸೊಸೆಯ ಹೊಲಿಗೆ ಒಂದೊಂದು ಕಡೆ ಸೊಟ್ಟಗಾಯಿತು. ಅಡುಗೆಮನೆಯಿಂದ ಅತ್ತೆ ಕೂಗಿದರು. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆಯೋದು ಅಂದ್ರೆ ಇದೇ ನೋಡು! ಬಂದಿದ್ದು ಸಾಲದು ಅಂತ, ಹೋಗಿ ಮತ್ತೆ ಬಾ ಅಂತ ಪಾಠ ಬೇರೆ!"

ಹಾಗಂತ ಮಾವ ಏನನ್ನೂ ಕೊಳ್ಳುವವರಲ್ಲ. ಮನೆಯ ದುಡ್ಡಿನ ಬೀಗದಕೈ ಅತ್ತೆಯ ಸೊಂಟದಲ್ಲಿತ್ತು. ಆದರೂ ಮಾರುವವರ ನಡುವೆ ಸುದ್ದಿ ಹಬ್ಬಿಬಿಟ್ಟಿತ್ತು: ಎರಡನೇ ಮಹಡಿಯಲ್ಲಿ ಒಬ್ಬರು ತಾತ ಇದ್ದಾರೆ, ಕೊಳ್ಳುವುದಿಲ್ಲ, ಮಾರುವುದು ಹೇಗೆಂದು ಹೇಳಿಕೊಡುತ್ತಾರೆ. ಇನ್ನು ಕೇಳಬೇಕೆ?

ಸೊಸೆಯ ಸಂಕಟ ಸುಮ್ಮನಾದದ್ದಲ್ಲ. ಮದುವೆಗೆ ಮೊದಲಿನಿಂದ ಅವಳು ಗಾರ್ಮೆಂಟ್ಸ್‌ನಲ್ಲಿ ದುಡಿದವಳು. ಅಲ್ಲಿ ಕತ್ತೆತ್ತಿ ಕಿಟಕಿ ನೋಡಿದರೂ ಸೂಪರ್‌ವೈಸರ್ ಕೆಮ್ಮುತ್ತಿದ್ದ. ಅದನ್ನು ಬಿಟ್ಟು, ಮುಂದಿನ ಕೋಣೆಯ ಕಿಟಕಿಗೆ ಮಷಿನ್ ಹಾಕಿಕೊಂಡು ದಿಂಬಿನ ಗವಸು ಹೊಲಿಯಲು ಕೂತಾಗ, "ಸ್ವಲ್ಪ ದಿನ ನೋಡಿ, ನಡೀಲಿಲ್ಲ ಅಂದ್ರೆ ನಾನೇ ಗಾರ್ಮೆಂಟ್ಸ್‌ಗೆ ವಾಪಸ್ ಹೋಗ್ತೀನಿ" ಎಂದು ಗಂಡನಿಗೆ ಬಾಯಿಬಿಟ್ಟು ಹೇಳಿದ್ದಳು. ಈಗ ಹಾಸಿಗೆ ಅಂಗಡಿಯವರು ದೊಡ್ಡ ಆರ್ಡರು ಕೊಟ್ಟಿದ್ದರು, ಹೊಸ ಹಾಸ್ಟೆಲ್ಲಿಗೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ವರ್ಷವಿಡೀ ಕೆಲಸ. ಕೊಡದಿದ್ದರೆ ಮತ್ತೆ ಅದೇ ಕೆಮ್ಮು.

ರಾತ್ರಿ ಊಟದ ಹೊತ್ತಿಗೆ ಅವಳು ಸಿಡಿದಳು. "ಇದು ಮನೆಯೋ ಬಸ್ ಸ್ಟಾಂಡೋ? ಒಂದು ಹೊಲಿಗೆ ನೆಟ್ಟಗೆ ಹಾಕೋಕೆ ಬಿಡಲ್ಲ ಅಂದ್ರೆ ನಾನೇನು ಮಾಡ್ಲಿ?"

"ಪಾಪ, ಅವರೂ ಹೊಟ್ಟೆಪಾಡಿಗೆ..." ಎಂದರು ಮಾವ.

"ನನ್ನದೇನು ಮಾವ, ಹೊಟ್ಟೆ ಅಲ್ವಾ? ಸೂಟ್‌ಕೇಸಾ?"

ಮಗಳು ಚೂಟಿ ಬಾಯಿಗೆ ಕೈ ಅಡ್ಡ ಇಟ್ಟು ಕಿಸಕ್ಕೆಂದಳು. ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದ. ಅವನು ಲಿಫ್ಟ್ ಮೆಕ್ಯಾನಿಕ್ಕು. ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಾಗಿಸುವವನ ಮನೆಗೆ ಮಾತ್ರ ಮೆಟ್ಟಿಲೇ ಗತಿ. ಗುಂಡಿ ಒತ್ತಿದರೆ ಏನಾಗಬೇಕು ಎಂಬುದೇ ಅವನ ಕಸುಬು.

"ಒಂದು ಕೆಲಸ ಮಾಡೋಣ. ನಮ್ಮೋರು ಬಂದ್ರೆ ಎರಡು ಸಲ ಒತ್ತಲಿ. ಒಂದೇ ಸಲ ಒತ್ತಿದ್ರೆ ಅಪರಿಚಿತರು. ಆಗ ಯಾರೂ ಉಸಿರೆತ್ತಬಾರದು. ಮನೇಲಿ ಯಾರೂ ಇಲ್ಲ ಅಷ್ಟೇ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೂ ಎತ್ತೋದು ಬೇಡ."

"ಮನೇಲಿ ಇದ್ದೂ ಇಲ್ಲ ಅನ್ನೋದಾ?" ಎಂದು ಮಾವ ತಟ್ಟೆ ನೋಡುತ್ತ ಕೇಳಿದರು.

ಮಾರನೆಯ ದಿನದಿಂದ ಕಾನೂನು ಜಾರಿಗೆ ಬಂತು. ಅಬ್ಬಾ, ಅದನ್ನು ನೋಡಬೇಕಿತ್ತು! ಒಂದು ಸಲ ಬೆಲ್ ಆಯಿತೆಂದರೆ ಇಡೀ ಮನೆ ಗರ ಬಡಿದಂತೆ ನಿಲ್ಲುತ್ತಿತ್ತು. ಅತ್ತೆ ಸೌಟು ಹಿಡಿದ ಕೈಯನ್ನು ಗಾಳಿಯಲ್ಲೇ ಬಿಡುತ್ತಿದ್ದರು. ಚೂಟಿ ಬಾಯಲ್ಲಿದ್ದ ಬಿಸ್ಕತ್ತನ್ನು ಜಗಿಯದೆ ಕೆನ್ನೆಗೆ ಸರಿಸುತ್ತಿದ್ದಳು. ಒಮ್ಮೆ ಗಂಡ ಅಂಗಿಯೊಳಗೆ ತಲೆ ತೂರಿಸುವಾಗ ಬೆಲ್ ಆಗಿ, ತಲೆ ಹೊರಗೆ ಬಾರದೆ ಹಾಗೇ ನಿಂತುಬಿಟ್ಟಿದ್ದ. ಹೊರಗಿನವರು ಕಾದು ಕಾದು ಇಳಿದು ಹೋದ ಮೇಲೆ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟು ನಗುತ್ತಿದ್ದರು. ಸೊಸೆಯ ಮಷಿನ್ ಜೋರಾಗಿ ಓಡಿತು. ಗವಸಿನ ರಾಶಿ ಕಿಟಕಿಯನ್ನು ಮುಟ್ಟಿತು.

ಮಾವ ಮಾತ್ರ ಬಾಡಿದರು. ಹೂಜಿಗೆ ದಿನಾ ನೀರು ತುಂಬಿಸುವರು, ಸಂಜೆ ಅದನ್ನೇ ಗಿಡಕ್ಕೆ ಸುರಿಯುವರು.

ಆದರೆ ಕೆಲವೇ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಬೆಲ್ ಎರಡು ಸಲ ಆಯಿತು. ಅತ್ತೆ ಓಡಿ ಹೋಗಿ ತೆಗೆದರೆ ಮಾಪು ಹುಡುಗಿ!

"ನಿನಗೆ ಯಾರೇ ಹೇಳಿದ್ದು ಎರಡು ಸಲ ಒತ್ತು ಅಂತ?"

ಹುಡುಗಿ ಮಾವನ ಕಡೆ ನೋಡಿದಳು. ಮಾವ ಚಾವಣಿಯ ಕಡೆ ನೋಡಿದರು.

"ಬೆಳಿಗ್ಗೆ ಹಾಲು ತರೋಕೆ ಹೋದಾಗ ಕೆಳಗೆ ಸಿಕ್ಕಿದ್ಲು," ಎಂದರು ಮೆಲ್ಲಗೆ. "ಸುಮ್ನೆ ಮಾತಿಗೆ ಬಂತು."

ಹೀಗೆ ಯಾರು ಬರಬಾರದೋ ಅವರೆಲ್ಲ ಎರಡು ಸಲ ಒತ್ತಿ ಬರತೊಡಗಿದರು. ಸೊಸೆ ಹಣೆ ಚಚ್ಚಿಕೊಂಡಳು. ಆದರೂ ನಗು ಬಂತು. ಬೈಯಬೇಕೆಂದು ಬಾಯಿ ತೆರೆದರೆ ಆ ಮಾಪು ಹುಡುಗಿ ಆಗಲೇ ಚೂಟಿಯ ಜಡೆ ಹೆಣೆಯುತ್ತ ಕೂತಿದ್ದಳು.

ಅದಾದ ಮಾರನೆಯ ವಾರ. ಬೆಳಗಿನ ಹೊತ್ತು, ಅತ್ತೆ ಈರುಳ್ಳಿ ಹುರಿಯುತ್ತಿದ್ದರು. ಬೆಲ್ ಒಂದೇ ಸಲ ಆಯಿತು. ಮನೆ ಸ್ತಬ್ಧವಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಸಲ. ಮೇಜಿನ ಮೇಲೆ ಸೊಸೆಯ ಫೋನು ಗುರುಗುಟ್ಟಿತು, ಕಂಡರಿಯದ ನಂಬರು. ಅವಳು ಅದರ ಮೇಲೆ ಒಂದು ಗವಸು ಮುಚ್ಚಿದಳು. ಮಾವ ಎರಡು ಸಲ ಏಳಲು ಹೋದರು, ಅತ್ತೆ ಕಣ್ಣಲ್ಲೇ ಕೂರಿಸಿದರು. ಈರುಳ್ಳಿ ಕರಕಲಾಯಿತು. ಕೊನೆಗೆ ಹೆಜ್ಜೆಗಳು ಇಳಿದು ಹೋದವು. ಎಲ್ಲರೂ ನಕ್ಕರು.

ಮರುದಿನ ಕೆಲಸ ಮುಗಿಯಿತೆಂದು ಹೇಳಲು ಅವಳು ಹಾಸಿಗೆ ಅಂಗಡಿಗೆ ಹೋದರೆ, ಅಂಗಡಿಯವರು ಮುಖ ಗಂಟಿಕ್ಕಿಕೊಂಡಿದ್ದರು.

"ಏನಮ್ಮಾ ನೀನು! ಹಾಸ್ಟೆಲ್‌ನೋರು ಗವಸು ನಿನ್ನೆ ದಿನಾನೇ ಬೇಕು ಅಂತ ಪಟ್ಟು ಹಿಡಿದ್ರು. ಗಾಡಿ ಕಳಿಸ್ದೆ, ಡ್ರೈವರು ಬೆಲ್ ಒತ್ತಿದ, ಫೋನ್ ಮಾಡ್ದ. ಮನೇಲಿ ಯಾರೂ ಇಲ್ಲ ಅಂತ ವಾಪಸ್ ಬಂದ. ನಾನು ಬೇರೆ ಕಡೆ ತಗೊಂಡು ಕೊಟ್ಟೆ. ಇನ್ನು ಸದ್ಯಕ್ಕೆ ನನಗೆ ಗವಸು ಬೇಡ."

ಅವಳು ಏನು ಹೇಳಿಯಾಳು? ಎಲ್ಲರೂ ಇದ್ದೆವು ಸ್ವಾಮಿ, ಉಸಿರು ಬಿಗಿಹಿಡಿದು ನಿಂತಿದ್ದೆವು ಎನ್ನಲಾದೀತೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡು ಮನೆಗೆ ಬಂದಳು.

ಅಂದು ಮನೆಯಲ್ಲಿ ಒಲೆಗಿಂತ ಮಾತು ಬಿಸಿಯಾಗಿತ್ತು. ಗಂಡ, "ಅಪ್ಪ ಎಲ್ಲರನ್ನೂ ಕರೆದು ಕೂರಿಸಿದ್ದಕ್ಕೇ ಅಲ್ವಾ ಈ ಕಾನೂನು ಬೇಕಾಗಿದ್ದು?" ಎಂದ.

ಅತ್ತೆ ತಿರುಗಿಬಿದ್ದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದವನು ನೀನು! ಅವರು ತೆಗೀತೀನಿ ಅಂತ ಎರಡು ಸಲ ಎದ್ರು. ಕೂರಿಸಿದ್ದು ನಾನು. ಬಿಟ್ಟಿದ್ರೆ ಡ್ರೈವರಿಗೂ ನೀರು ಸಿಗ್ತಿತ್ತು, ಇವಳಿಗೂ ಕೆಲಸ ಉಳೀತಿತ್ತು."

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಸೊಸೆಯ ಪಕ್ಕ ಕೂತರು.

"ನೀನು ಆ ಹೂಜಿ ಕಂಡ್ರೆ ಉರಿದುಬೀಳ್ತೀಯ. ಒಂದು ಮಾತು ಹೇಳ್ತೀನಿ ಕೇಳು. ಇವರು ಅಷ್ಟು ವರ್ಷ ಬೀದಿ ಸುತ್ತಿ ಸಂಜೆ ಮನೆಗೆ ಬರ್ತಿದ್ರಲ್ಲ, ಒಂದಿನಾನೂ ಇಷ್ಟು ಮಾರಿದೆ, ಅಷ್ಟು ಮಾರಿದೆ ಅಂತ ಬಾಯಿಬಿಟ್ಟೋರಲ್ಲ. ನಾನು ಎಷ್ಟು ಮಾರಿದ್ರಿ ಅಂದ್ರೆ, ಇವತ್ತು ಇಂಥ ಬೀದಿ ಇಂಥ ಮನೆಯೋರು ನೀರು ಕೊಟ್ರು ಕಣೇ ಅನ್ನೋರು. ನನಗೆ ಆಗ ಮೈ ಉರೀತಿತ್ತು. ದುಡ್ಡು ಕೇಳಿದ್ರೆ ನೀರಿನ ಲೆಕ್ಕ ಹೇಳ್ತಾರಲ್ಲಪ್ಪ ಅಂತ."

"ಬಿಡೇ," ಎಂದರು ಮಾವ. ಆಮೇಲೆ ಸೊಸೆಯ ಕಡೆ ತಿರುಗಿದರು. "ಗಾರ್ಮೆಂಟ್ಸ್ ಮಾತು ಆಮೇಲೆ ಆಡೋಣ. ಈ ರಾಶಿ ಇದೆಯಲ್ಲ, ಇದನ್ನ ನಾನು ಮಾರ್ತಿದ್ದೆ, ಮಂಡಿ ಒಂದು ಮಾತು ಕೇಳಿದ್ರೆ. ನೀನು ಮಾರು."

"ನಾನಾ? ಮನೆ ಮನೆಗಾ? ಅಯ್ಯಯ್ಯೋ, ನನ್ನ ಕೈಲಾಗಲ್ಲ ಮಾವ. ನಾಚಿಕೆ."

"ನಾಚಿಕೆ ಯಾಕೆ? ಕದ್ದ ಮಾಲಾ? ನೀನೇ ಹೊಲಿದಿದ್ದು."

ಅವಳು ಒಪ್ಪಲಿಲ್ಲ. ಗಂಡ ಸೂಪರ್‌ವೈಸರಿಗೆ ಫೋನ್ ಮಾಡಿ, ಜಾಗ ಖಾಲಿ ಇದೆಯೆಂದು ತಿಳಿದುಕೊಂಡ. ಸೋಮವಾರದೊಳಗೆ ಹೇಳಬೇಕಿತ್ತು. ಆ ರಾತ್ರಿ ಅವಳು ಮಷಿನ್ನಿಗೆ ಮುಚ್ಚಿದ ಬಟ್ಟೆಯನ್ನು ಮತ್ತೆ ತೆಗೆದಳು. ಬೆಳಿಗ್ಗೆ ಎದ್ದವಳೇ, "ಮಾವ, ಏನು ಹೇಳ್ಬೇಕು ಹೇಳ್ಕೊಡಿ" ಎಂದಳು.

ಮಾವನ ಮಂಡಿಗೆ ಪ್ರಾಯ ಬಂತು. ಸ್ಟೂಲು ಬಾಗಿಲಿಗೆ ಎದುರಾಯಿತು. ಚೂಟಿ ಅಜ್ಜಿಯ ಕನ್ನಡಕ ಮೂಗಿಗೇರಿಸಿ ಗಿರಾಕಿಯಾದಳು. ಸೊಸೆ ಹೊರಗೆ ಹೋಗಿ ಬೆಲ್ ಒತ್ತಿದಳು.

"ಯಾರದು? ನಾವು ಏನೂ ಕೊಳ್ಳಲ್ಲ!" ಎಂದಳು ಚೂಟಿ, ಥೇಟ್ ಅವರಮ್ಮನ ದನಿಯಲ್ಲೇ.

ತನ್ನದೇ ಮಾತು ಬಾಗಿಲಾಚೆಯಿಂದ ಕೇಳಿದರೆ ಇಷ್ಟು ಒರಟಾಗಿರುತ್ತದೆಂದು ಸೊಸೆಗೆ ಗೊತ್ತಿರಲಿಲ್ಲ.

"ಎರಡು ಹೆಜ್ಜೆ ಹಿಂದೆ!" ಎಂದು ಮಾವ ಕೂಗಿದರು. "ನಿನ್ನ ಗವಸಿನಲ್ಲಿ ಏನು ವಿಶೇಷ ಹೇಳು."

"ಒಳಗೆ ಮಡಿಕೆ ಇದೆ. ಗುಂಡಿ ಇಲ್ಲ, ಜಿಪ್ ಇಲ್ಲ, ಆದ್ರೂ ದಿಂಬು ಜಾರಲ್ಲ."

"ಹೇಳ್ಬೇಡ. ಒಂದು ದಿಂಬು ಕಂಕುಳಲ್ಲಿಟ್ಕೊಂಡು ಹೋಗು. ಗವಸಿನ ಬಾಯಿ ಕೆಳಗೆ ಮಾಡಿ ಅಲ್ಲಾಡಿಸು. ದಿಂಬು ಬೀಳದೇ ಇದ್ರೆ ಅದೇ ಮಾತಾಡುತ್ತೆ."

ಅತ್ತೆ ಒಲೆ ಬಿಟ್ಟು ಬಂದು ಅಲ್ಲಾಡಿಸಿ ನೋಡಿದರು, ಗಂಡ ಅಲ್ಲಾಡಿಸಿದ, ಚೂಟಿ ಮಂಚದ ಮೇಲೆ ಹತ್ತಿ ಅಲ್ಲಾಡಿಸಿದಳು. ದಿಂಬು ಬೀಳಲಿಲ್ಲ. ಮನೆಯೆಲ್ಲ ನಗು.

"ಬೇಡ ಅಂದ್ರೆ?" ಎಂದು ಸೊಸೆ ಕೇಳಿದಳು.

"ಬೇಡ ಅಂದ್ರೆ ನಗ್ತಾ ಬಾ. ಬೀದಿ ಎಲ್ಲಿಗೂ ಓಡಿಹೋಗಲ್ಲ."

ಶನಿವಾರ ಮಾಪು ಹುಡುಗಿಯ ಜೊತೆ ಹೊರಟಳು. ಹುಡುಗಿಯ ಹೆಗಲಲ್ಲಿ ಮಾಪುಗಳು, ಇವಳ ಹೆಗಲಲ್ಲಿ ಗವಸಿನ ಚೀಲ, ಕಂಕುಳಲ್ಲಿ ದಿಂಬು. ದಾರಿಯಲ್ಲಿ ಒಬ್ಬ, "ಎಲ್ಲಿಗಮ್ಮ, ಮಲಗೋಕಾ?" ಎಂದು ಕೇಳಿಯೇಬಿಟ್ಟ. ಮೊದಲ ಮನೆಯವರು ಬೇಡ ಎಂದರು. ಎರಡನೆಯವರು ಬಾಗಿಲನ್ನು ರಪ್ಪೆಂದು ಹಾಕಿದರು. ಆಮೇಲಿನವರದು ನಾಯಿ. ಅವಳ ಗಂಟಲು ಒಣಗಿತು, ಅಳು ಮೂಗಿನ ತುದಿಗೆ ಬಂದು ನಿಂತಿತು.

"ಅಕ್ಕಾ, ಇನ್ನೊಂದೇ ಒಂದು ಮನೆ," ಎಂದಳು ಹುಡುಗಿ. "ಆ ನೀಲಿ ಗೇಟು ನಿಮ್ಮದು, ಎದುರು ಮನೆ ನನ್ನದು."

ನೀಲಿ ಗೇಟಿನ ಮನೆಯೊಳಗೆ ಮಗು ಕಿಲಕಿಲ ಎನ್ನುತ್ತಿತ್ತು, ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು. ಸೊಸೆ ಬೆಲ್ ಒತ್ತಿದಳು, ಒಂದೇ ಸಲ. ಎರಡು ಹೆಜ್ಜೆ ಹಿಂದೆ ಸರಿದಳು.

ಮಾತು ಪಕ್ಕನೆ ನಿಂತಿತು. "ಶ್ಶ್!" ಎಂದದ್ದು ಕೇಳಿಸಿತು. ಕಿಲಕಿಲ ನಿಂತಿತು. ಇಡೀ ಮನೆ ಮೌನ. ಬಾಣಲೆಯಲ್ಲಿ ಈರುಳ್ಳಿ ಮಾತ್ರ ಚೊಂಯ್ ಎನ್ನುತ್ತಿತ್ತು. ಮೆಲ್ಲಗೆ ಸೀದ ವಾಸನೆ ಬಂತು.

ಸೊಸೆಗೆ ಒಳಗಿನದೆಲ್ಲ ಕಣ್ಣಿಗೆ ಕಟ್ಟಿತು. ಒಬ್ಬಳು ಸೌಟು ಎತ್ತಿ ನಿಂತಿದ್ದಾಳೆ, ಮಗು ಕೆನ್ನೆಯಲ್ಲಿ ಏನೋ ಇಟ್ಟುಕೊಂಡಿದೆ, ಯಾರದೋ ತಲೆ ಅಂಗಿಯಲ್ಲಿ ಸಿಕ್ಕಿಕೊಂಡಿದೆ. ಅವಳಿಗೆ ನಗು ಬಂತು. ತಡೆಯಲು ದಿಂಬಿಗೆ ಮುಖ ಒತ್ತಿದಳು, ಆಗಲಿಲ್ಲ. ಬೀದಿಯಲ್ಲಿ ನಿಂತು ಗಹಗಹಿಸಿ ನಕ್ಕುಬಿಟ್ಟಳು.

"ಅಮ್ಮಾ, ಈರುಳ್ಳಿ ಸೀದುಹೋಗ್ತಿದೆ! ಮೊದಲು ಅದನ್ನ ಇಳಿಸಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ, ಹೊರಟೆ!"

ಒಳಗೆ ಗಡಿಬಿಡಿ. ಬಾಣಲೆ ಇಳಿಸಿದ ಸದ್ದು. ಅವಳು ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಬಾಗಿಲು ತೆರೆಯಿತು. ಸೌಟು ಹಿಡಿದ ಹೆಂಗಸು ನಾಚಿಕೊಂಡು ನಗುತ್ತ ನಿಂತಿದ್ದಳು.

"ರೀ, ನಾವು ಒಳಗಿದ್ದೀವಿ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮನೇಲೂ ಹೀಗೇನೇ! ಒಂದು ಸಲ ಒತ್ತಿದ್ರೆ ಯಾರೂ ಇರಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಗಸು ಅವಳ ಬೆವರಿದ ಮುಖ ನೋಡಿ ಒಳಗೆ ಹೋಗಿ ಲೋಟದ ತುಂಬ ನೀರು ತಂದುಕೊಟ್ಟಳು. ಸೊಸೆ ಕುಡಿದಳು. ನೀರಿಗೆ ಇಷ್ಟು ರುಚಿ ಇದೆಯೆಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ. ಕಣ್ಣಲ್ಲೂ ನೀರಾಡಿತು.

"ಅದೇನು ದಿಂಬು?" ಎಂದು ಹೆಂಗಸೇ ಕೇಳಿದಳು. ಸೊಸೆ ಮಾತಾಡಲಿಲ್ಲ. ದಿಂಬು ತಲೆಕೆಳಗೆ ಮಾಡಿ ಅಲ್ಲಾಡಿಸಿದಳು. ಮಗು ಓಡಿ ಬಂದು ತಾನೂ ಅಲ್ಲಾಡಿಸಿತು. ಹೆಂಗಸು ಗವಸು ತೆಗೆದುಕೊಂಡು, ಗೋಡೆಯಾಚೆಗೆ ಕತ್ತು ಚಾಚಿ ಪಕ್ಕದ ಮನೆಯವರನ್ನು ಕೂಗಿದಳು. ಪಕ್ಕದವರು ತಮ್ಮ ನಾದಿನಿಯನ್ನು ಕೂಗಿದರು. ಎದುರು ಮನೆಯಿಂದ ಮಾಪು ಹುಡುಗಿಯೂ ಹಲ್ಲು ಕಿರಿಯುತ್ತ ಬಂದಳು. ಅವಳದೂ ಒಂದು ಮಾಪು ಹೋಗಿತ್ತು.

ಸಂಜೆ ಮೆಟ್ಟಿಲು ಹತ್ತಿ ಬಂದ ಸೊಸೆ, ಬೆಳಗಿನಿಂದ ಕೈಗೆ ಅದೇ ರೂಢಿಯಾಗಿ, ತನ್ನ ಮನೆಯ ಬೆಲ್ಲನ್ನೂ ಒಂದೇ ಸಲ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದಳು.

ಒಳಗಿನ ಗಲಾಟೆ ಥಟ್ಟನೆ ನಿಂತಿತು. ಅವಳು ಬಾಯಿ ಮುಚ್ಚಿಕೊಂಡು ಕಾದಳು. ಆ ಮೌನದಲ್ಲಿ ಒಂದು ಮಂಡಿ ಚಿಟಕ್ ಎಂದಿತು.

"ಕೂತ್ಕೊಳ್ರೀ!" ಎಂದು ಅತ್ತೆ ಪಿಸುಗುಟ್ಟಿದರು.

"ಇನ್ನು ಕೂರಲ್ಲ ಕಣೇ. ಒಂದು ಸಲ ಕೂತಿದ್ದೇ ಸಾಕಾಯ್ತು," ಎಂದರು ಮಾವ. ಬಾಗಿಲು ತೆರೆಯಿತು. ಸೊಸೆಯನ್ನು ಕಂಡು ಅವರು ಬೆಪ್ಪಾದರು. ಆಮೇಲೆ ಅವಳ ಕಾಲಿನ ಧೂಳು ನೋಡಿದರು, ಒಣಗಿದ ತುಟಿ ನೋಡಿದರು. ಸ್ಟೂಲು ಎಳೆದರು. ಹೂಜಿಯಿಂದ ನೀರು ಬಗ್ಗಿಸಿದರು.

"ಮೊದಲು ಕೂತ್ಕೊಂಡು ನೀರು ಕುಡಿ. ಮಾತು ಆಮೇಲೆ."

ಅವಳು ಸ್ಟೂಲಿನ ಮೇಲೆ ಕೂತು ಕುಡಿದಳು. ಚೂಟಿ ಅಷ್ಟರಲ್ಲಿ ಚೀಲ ಕಸಿದುಕೊಂಡು ಬೋರಲು ಹಾಕಿದಳು. "ಅಪ್ಪಾ, ಚೀಲ ಖಾಲಿ! ದಿಂಬೊಂದೇ ಇರೋದು!"

"ಸೋಮವಾರ ಇನ್ನೂ ತರ್ತೀನಿ ಅಂದಿದ್ದೀನಿ," ಎಂದಳು ಸೊಸೆ.

ಗಂಡನ ಬಾಯಿ ಕಿವಿಯವರೆಗೆ ಹೋಯಿತು. "ಹಾಗಾದ್ರೆ ಗಾರ್ಮೆಂಟ್ಸ್ ಸೂಪರ್‌ವೈಸರ್ ಫೋನ್ ಮಾಡಿದ್ರೆ ಏನು ಹೇಳ್ಲಿ?"

"ಮನೇಲಿ ಯಾರೂ ಇಲ್ಲ ಅನ್ನಿ."

ಎಲ್ಲರೂ ನಕ್ಕು ಸುಸ್ತಾದ ಮೇಲೆ ಅತ್ತೆ ಬಳಿ ಬಂದು, ಸೆರಗಿನಿಂದ ಸೊಸೆಯ ಹಣೆ ಒರೆಸುತ್ತ ಕೇಳಿದರು. "ಅದಿರಲಿ, ಒಟ್ಟು ಎಷ್ಟಕ್ಕೆ ಮಾರಿದ್ಯೇ?"

"ಅತ್ತೆ, ಅಲ್ಲಿ ಒಂದು ನೀಲಿ ಗೇಟಿನ ಮನೆ ಇದೆ," ಎಂದಳು ಸೊಸೆ. "ಅವರು ನನಗೆ ನೀರು ಕೊಟ್ರು."

ಅತ್ತೆಯ ಕೈ ಅಲ್ಲೇ ನಿಂತಿತು. ಅವರು ತಿರುಗಿ ಮಾವನನ್ನು ನೋಡಿದರು. ಮಾವ ಸೊಸೆಯ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ಮತ್ತೆ ತುಂಬಿಸಿ ಕೊಟ್ಟರು.